ಗಾಳಿಯಲ್ಲಿ ಎರಡು ಸೆಕೆಂಡು: ಸ್ಲೋಪ್‌ಸ್ಟೈಲ್ ಕೋರ್ಸ್ ಕಟ್ಟುವವರ ಲೆಕ್ಕ

ಪ್ರಶ್ನೆ: ಸ್ಲೋಪ್‌ಸ್ಟೈಲ್ ಮೌಂಟನ್ ಬೈಕ್ ಸ್ಪರ್ಧೆಗಳ ವಿಡಿಯೊ ನೋಡುವುದೆಂದರೆ ನನಗೆ ಹುಚ್ಚು. ಸವಾರ ಹಾರುತ್ತಾನೆ, ಗಾಳಿಯಲ್ಲಿ ಎರಡು ಸುತ್ತು ತಿರುಗುತ್ತಾನೆ, ಸರಿಯಾಗಿ ಎದುರಿನ ದಿಬ್ಬದ ಇಳಿಜಾರಿನ ಮೇಲೇ ಇಳಿಯುತ್ತಾನೆ. ಆ ದಿಬ್ಬ ಅಷ್ಟೇ ದೂರದಲ್ಲಿ ಇರಬೇಕು ಅಂತ ಕಟ್ಟುವವರಿಗೆ ಹೇಗೆ ಗೊತ್ತಾಗುತ್ತದೆ? ಲೆಕ್ಕವಾ, ಕಣ್ಣಂದಾಜಾ? ಕೆಲವು ಕಡೆ ಮರ, ಕೆಲವು ಕಡೆ ಮಣ್ಣು ಯಾಕೆ? ಕಟ್ಟಿದ ಮೇಲೆ ಮೊದಲು ಹಾರಿ ನೋಡುವ ಪುಣ್ಯಾತ್ಮ ಯಾರು?

ಉತ್ತರ: ಲೆಕ್ಕವೂ ಹೌದು, ಕಣ್ಣಂದಾಜೂ ಹೌದು. ಲೆಕ್ಕ ಮೊದಲು, ಕಣ್ಣು ಆಮೇಲೆ, ಇವೆರಡರ ನಡುವೆ ಲೋಡುಗಟ್ಟಲೆ ಮಣ್ಣು. ನಾನು ಇಂಥ ಕೋರ್ಸ್‌ಗಳಲ್ಲಿ ಮೊದಲು ಸಲಿಕೆ ಹಿಡಿದು, ಎಷ್ಟೋ ವರ್ಷದ ಮೇಲೆ ನಕ್ಷೆ ಹಿಡಿದವನು. ಹಾಗಾಗಿ ಎರಡೂ ಕಡೆಯ ಮಾತು ಹೇಳುತ್ತೇನೆ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ನೀವು ಕೇಳಿದ್ದು ದೂರದ ಬಗ್ಗೆ. ಕಟ್ಟುವವನ ತಲೆಯಲ್ಲಿ ಹಗಲೂ ರಾತ್ರಿ ಓಡುವುದು ವೇಗ. ಸವಾರ ಈ ಜಾಗಕ್ಕೆ ಬರುವಾಗ ಎಷ್ಟು ವೇಗದಲ್ಲಿ ಇರುತ್ತಾನೆ ಅನ್ನುವುದು ಗೊತ್ತಾದರೆ ದೂರ ತಾನಾಗಿ ಸಿಗುತ್ತದೆ. ಅದು ತಪ್ಪಿದರೆ ಎಷ್ಟೇ ಚಂದದ ದಿಬ್ಬ ಕಟ್ಟಿದರೂ ಆಂಬುಲೆನ್ಸಿಗೆ ಕೆಲಸ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಇಳಿಜಾರಿನಲ್ಲಿ ಮೇಲಿಂದ ಕೆಳಗಿನ ತನಕ ಸಾಲಾಗಿ ಜಂಪ್, ಡ್ರಾಪ್ (ಎತ್ತರದ ಅಂಚಿನಿಂದ ಕೆಳಕ್ಕೆ ಹಾರುವ ಜಾಗ), ಮರದ ಅಟ್ಟಣೆ ಇರುತ್ತವೆ. ಸವಾರ ಒಂದೇ ಓಟದಲ್ಲಿ ಎಲ್ಲವನ್ನೂ ದಾಟಬೇಕು, ಪ್ರತಿಯೊಂದರಲ್ಲೂ ಒಂದೊಂದು ಟ್ರಿಕ್ ಮಾಡಬೇಕು. ಎರಡು ಓಟ ಸಿಗುತ್ತದೆ, ಚೆನ್ನಾಗಿ ಬಂದದ್ದು ಲೆಕ್ಕಕ್ಕೆ. ತೀರ್ಪುಗಾರರು 100ಕ್ಕೆ ಅಂಕ ಕೊಡುತ್ತಾರೆ. ಕೆನಡಾದ ವಿಸ್ಲರ್‌ನಲ್ಲಿ 2004ರಲ್ಲಿ ಶುರುವಾದ ಕ್ರ್ಯಾಂಕ್‌ವರ್ಕ್ಸ್ ಈ ಆಟದ ದೊಡ್ಡ ಜಾತ್ರೆ. ಅಲ್ಲಿನ ಸ್ಲೋಪ್‌ಸ್ಟೈಲ್ ಸ್ಪರ್ಧೆಗೆ 2011ರಿಂದ ರೆಡ್ ಬುಲ್ ಜಾಯ್‌ರೈಡ್ ಅಂತ ಹೆಸರು. ಆ ವರ್ಷ ಗೆದ್ದದ್ದು ಕೆನಡಾದವರೇ ಆದ ಬ್ರ್ಯಾಂಡನ್ ಸೆಮೆನುಕ್. ಆಮೇಲೆ ಕ್ರ್ಯಾಂಕ್‌ವರ್ಕ್ಸ್ 2015ರಲ್ಲಿ ನ್ಯೂಜಿಲೆಂಡಿನ ರೊಟೊರುವಾಕ್ಕೆ, 2017ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ಗೆ, 2022ರಲ್ಲಿ ಆಸ್ಟ್ರೇಲಿಯಾದ ಕೇರ್ನ್ಸ್‌ಗೆ ಹೋಯಿತು. 2024ರಲ್ಲಿ ಸ್ಲೋಪ್‌ಸ್ಟೈಲ್‌ಗೆ ಮಹಿಳೆಯರ ವಿಭಾಗವೂ ಸೇರಿತು.

ಇದನ್ನು ಅಮೆರಿಕದ ಯೂಟಾದಲ್ಲಿ ನಡೆಯುವ ರೆಡ್ ಬುಲ್ ರ‍್ಯಾಂಪೇಜ್ ಜೊತೆ ತುಂಬಾ ಜನ ಕಲಸುತ್ತಾರೆ. ಅಲ್ಲಿ ಬೋಳು ಬಂಡೆ ಬೆಟ್ಟ, ಸವಾರ ತನ್ನ ಜೊತೆಗಾರರನ್ನು ಕಟ್ಟಿಕೊಂಡು ಕೈ ಸಲಿಕೆಯಲ್ಲಿ ತನ್ನ ದಾರಿ ತಾನೇ ಕಡಿದುಕೊಳ್ಳುತ್ತಾನೆ. ಸ್ಲೋಪ್‌ಸ್ಟೈಲ್‌ನಲ್ಲಿ ಎಲ್ಲರಿಗೂ ಒಂದೇ ಕೋರ್ಸ್. ಅಲ್ಲಿ ತಪ್ಪು ಸವಾರನದು ಅನ್ನಬಹುದು. ಇಲ್ಲಿ ಬೈಗುಳ ನಮಗೆ.

ಈಗ ಲೆಕ್ಕಕ್ಕೆ ಬರೋಣ. ಕಲ್ಲು ಎಸೆದರೆ ಬಿಲ್ಲಿನಂತೆ ಬಾಗಿ ಬೀಳುತ್ತದೆ, ಅಲ್ವಾ? ಸವಾರನೂ ಅಷ್ಟೆ. ಜಂಪಿನ ಏರುಮುಖದ ತುದಿಗೆ ಲಿಪ್ ಅನ್ನುತ್ತೇವೆ. ಲಿಪ್ ಬಿಟ್ಟ ಕ್ಷಣದಲ್ಲಿ ಸವಾರನ ಹಾದಿ ಬಹುಪಾಲು ನಿಶ್ಚಯ ಆಗಿಬಿಟ್ಟಿರುತ್ತದೆ. ಗಾಳಿಯಲ್ಲಿ ಅವನು ಮೈ ಸುತ್ತಬಹುದು, ಸೈಕಲ್ ತಿರುಗಿಸಬಹುದು, ಹೋಗುವ ದಾರಿ ಬದಲಿಸಲು ಆಗುವುದಿಲ್ಲ.

ಒಂದು ಉದಾಹರಣೆ ತಗೊಳ್ಳಿ. ಲಿಪ್ಪಿನ ಕೋನ 55 ಡಿಗ್ರಿ, ಅಲ್ಲಿ ಸವಾರನ ವೇಗ ಗಂಟೆಗೆ 40 ಕಿಲೋಮೀಟರ್. ಲಿಪ್ಪಿನಿಂದ ಸುಮಾರು 4.2 ಮೀಟರ್ ಮೇಲೇರುತ್ತಾನೆ. ಮತ್ತೆ ಲಿಪ್ಪಿನ ಮಟ್ಟಕ್ಕೆ ಇಳಿಯುವಾಗ 11.8 ಮೀಟರ್ ದಾಟಿರುತ್ತಾನೆ. ಗಾಳಿಯಲ್ಲಿ ಕಳೆದ ಹೊತ್ತು 1.86 ಸೆಕೆಂಡು. ನೀವು ನೋಡಿದ ಎರಡು ಸುತ್ತು, ಒಂದು ಟೇಲ್‌ವಿಪ್ (ಹ್ಯಾಂಡಲ್ ಹಿಡಿದೇ ಸೈಕಲಿನ ಮೈಯನ್ನು ಸುತ್ತ ತಿರುಗಿಸುವುದು), ಒಂದು ಬಾರ್‌ಸ್ಪಿನ್ (ಹ್ಯಾಂಡಲ್ಲನ್ನೇ ಒಂದು ಸುತ್ತು ತಿರುಗಿಸುವುದು) ಎಲ್ಲಾ ಮುಗಿಯಬೇಕಾದದ್ದು ಇಷ್ಟರೊಳಗೆ.

ಈಗ ಅದೇ ಸವಾರ 40ರ ಬದಲು 36ರಲ್ಲಿ ಬಂದ ಅಂದುಕೊಳ್ಳಿ. ಹತ್ತರಲ್ಲಿ ಒಂದು ಪಾಲು ಕಮ್ಮಿ, ಅಷ್ಟೆ. ಆದರೆ ದೂರ 9.6 ಮೀಟರ್‌ಗೆ ಇಳಿಯುತ್ತದೆ. ಎರಡು ಮೀಟರ್‌ಗಿಂತ ಜಾಸ್ತಿ ಗೋತಾ. ವೇಗ ಅರ್ಧವಾದರೆ ದೂರ ಕಾಲು ಭಾಗಕ್ಕೆ ಬೀಳುತ್ತದೆ, ಸೂತ್ರ ಇರುವುದೇ ಹಾಗೆ. ಈ ಎರಡು ಮೀಟರ್ ಇದೆಯಲ್ಲ, ಅದು ಇಳಿಜಾರಿನ ಮೇಲೆ ಇಳಿಯುವುದಕ್ಕೂ ದಿಬ್ಬದ ನೆತ್ತಿಗೆ ಚಕ್ರ ಬಡಿಯುವುದಕ್ಕೂ ಇರುವ ವ್ಯತ್ಯಾಸ. ಆ ನೆತ್ತಿಯ ಅಂಚಿಗೆ ನಾವು ನಕಲ್ ಅನ್ನುತ್ತೇವೆ, ಇಂಗ್ಲಿಷಿನಲ್ಲಿ ಬೆರಳಿನ ಗೆಣ್ಣು ಅಂತ. ಮುಷ್ಟಿ ಕಟ್ಟಿದಾಗ ಬೆರಳಿನ ಗೆಣ್ಣು ಎದ್ದು ಕಾಣುತ್ತದಲ್ಲ, ಹಾಗೆ. ಅದರ ಮೇಲೆ ಬಿದ್ದವರಿಗೆ ಹೆಸರು ಯಾಕೆ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ.

ಕಾಗದದ ಮೇಲಿನ ಈ ಅಂಕಿ ಶುರುವಿಗೆ ಮಾತ್ರ. ಗಾಳಿ ಸ್ವಲ್ಪ ತಡೆಯುತ್ತದೆ. ಲಿಪ್ಪಿನಲ್ಲಿ ಸವಾರ ಕಾಲು ಒತ್ತಿ, ಕೈ ಎಳೆದು ಇನ್ನಷ್ಟು ಎತ್ತರ ಗಿಟ್ಟಿಸುತ್ತಾನೆ. ಒಬ್ಬ ಒತ್ತುವಷ್ಟು ಇನ್ನೊಬ್ಬ ಒತ್ತುವುದಿಲ್ಲ. ಅದಕ್ಕೇ ಲ್ಯಾಂಡಿಂಗ್ ಅನ್ನುವುದು ಒಂದು ಗುರುತಲ್ಲ, ಒಂದು ಉದ್ದನೆಯ ಪಟ್ಟಿ. ಒಂದು ಮೀಟರ್ ಆಚೀಚೆ ಆದರೂ ಹಿಡಿದುಕೊಳ್ಳುವ ಹಾಗೆ ಕಟ್ಟಬೇಕು.

ಹಿಡಿದುಕೊಳ್ಳುವುದು ಅಂದೆ. ನನಗೆ ಕೇಳಿದರೆ ಇಡೀ ಕೋರ್ಸಿನಲ್ಲಿ ಅತಿ ಮುಖ್ಯವಾದ ಅಂಕಿ ಲ್ಯಾಂಡಿಂಗಿನ ಇಳಿಜಾರಿನ ಕೋನ. ನೋಡುವವರ ಕಣ್ಣೆಲ್ಲಾ ಲಿಪ್ಪಿನ ಮೇಲೆ, ಆದರೆ ಸವಾರನ ಮಂಡಿ ಉಳಿಯುವುದು ಲ್ಯಾಂಡಿಂಗಿನಿಂದ. ಮೇಲಿನ ಉದಾಹರಣೆಯನ್ನೇ ಮುಂದುವರಿಸುತ್ತೇನೆ. ಆ ಸವಾರ ಸಪಾಟು ನೆಲದ ಮೇಲೆ ಇಳಿದರೆ 4.2 ಮೀಟರ್ ಎತ್ತರದಿಂದ ನೇರ ನೆಲಕ್ಕೆ ಜಿಗಿದಂತೆ. ಮಹಡಿಯಿಂದ ಹಾರಿದಷ್ಟು. ಅದೇ ಜಾಗದಲ್ಲಿ 40 ಡಿಗ್ರಿ ಇಳಿಜಾರು ಇದ್ದರೆ? ಅವನು ಕೆಳಗೆ ಬರುತ್ತಿರುವುದು 55 ಡಿಗ್ರಿಯಲ್ಲಿ. ಎರಡರ ನಡುವೆ ಉಳಿದದ್ದು 15 ಡಿಗ್ರಿ. ನೆಲಕ್ಕೆ ಬಡಿಯುವುದು ಆ 15 ಡಿಗ್ರಿಯ ಪಾಲಿನ ವೇಗ ಮಾತ್ರ, ಉಳಿದದ್ದು ಇಳಿಜಾರಿನುದ್ದಕ್ಕೂ ಜಾರಿಕೊಂಡು ಹೋಗುತ್ತದೆ. ಹೊಡೆತ 42 ಸೆಂಟಿಮೀಟರ್ ಎತ್ತರದಿಂದ ಜಿಗಿದಷ್ಟು. ಕುರ್ಚಿಯಿಂದ ಇಳಿದಷ್ಟು. ಹತ್ತು ಪಟ್ಟು ವ್ಯತ್ಯಾಸ, ಬರೀ ಮಣ್ಣಿನ ಕೋನದಿಂದ!

ಈ ಸೈಕಲ್‌ಗಳಿಗೆ ಇದು ಇನ್ನೂ ಮುಖ್ಯ. ಡೌನ್‌ಹಿಲ್ ರೇಸಿನ ಸೈಕಲ್‌ಗೆ 200 ಮಿಲಿಮೀಟರ್ ಸಸ್ಪೆನ್ಷನ್ ಇದ್ದರೆ ಇವುಗಳಿಗೆ ಸುಮಾರು 100, ಅದೂ ಗಟ್ಟಿಯಾಗಿ ಸೆಟ್ ಮಾಡಿದ್ದು. ಚಕ್ರ 26 ಇಂಚಿನದು, ಟೈರಿಗೆ ಗಾಳಿ ತುಂಬಿ ಕಲ್ಲಿನಂತೆ ಮಾಡಿರುತ್ತಾರೆ. ಬಹಳ ಜನ ಮುಂದಿನ ಬ್ರೇಕನ್ನೇ ಹಾಕಿಸುವುದಿಲ್ಲ, ಹ್ಯಾಂಡಲ್ ಸುತ್ತುವಾಗ ಕೇಬಲ್ ಅಡ್ಡ ಬರುತ್ತದೆ ಅಂತ. ಇಂಥ ಸೈಕಲ್ ಮೆತ್ತಗೆ ಇಳಿಸುವ ಕೆಲಸ ಪೂರ್ತಿ ಮಣ್ಣಿನ ಮೇಲೆ ಬೀಳುತ್ತದೆ.

ಲಿಪ್ ಬರೀ ಏರು ಹಲಗೆ ಅಲ್ಲ, ಅದೊಂದು ಕಮಾನು. ದೊಡ್ಡ ವೃತ್ತದ ಒಂದು ತುಂಡು ಕತ್ತರಿಸಿ ನೆಲದ ಮೇಲೆ ಇಟ್ಟ ಹಾಗೆ. ಆ ವೃತ್ತದ ರೇಡಿಯಸ್ ಚಿಕ್ಕದಾದರೆ ಲಿಪ್ ಸವಾರನನ್ನು ಒದೆಯುತ್ತದೆ, ದೊಡ್ಡದಾದರೆ ಎತ್ತಿ ಕಳಿಸುತ್ತದೆ. ನಮ್ಮ 55 ಡಿಗ್ರಿಯ ಲಿಪ್ಪಿಗೆ 6 ಮೀಟರ್ ರೇಡಿಯಸ್ ಇಟ್ಟರೆ ಎತ್ತರ ಎರಡೂವರೆ ಮೀಟರ್ ಚಿಲ್ಲರೆ ಆಗುತ್ತದೆ. ಅಷ್ಟು ಹತ್ತುವಾಗ ವೇಗ ಇಳಿಯುತ್ತದೆ, ಹಾಗಾಗಿ ತುದಿಯಲ್ಲಿ 40 ಉಳಿಯಬೇಕೆಂದರೆ ಬುಡಕ್ಕೆ 47ರಲ್ಲಿ ಬರಬೇಕು. ಆ ಬುಡದಲ್ಲಿ ಸವಾರನ ಕಾಲಿನ ಮೇಲೆ ಅವನ ತೂಕದ ಹತ್ತಿರ ಹತ್ತಿರ ನಾಲ್ಕು ಪಟ್ಟು ಭಾರ ಬೀಳುತ್ತದೆ. ರೇಡಿಯಸ್ ಇನ್ನೂ ಕುಗ್ಗಿಸಿದರೆ ಮೊಣಕಾಲು ಮಡಚಿಹೋಗುತ್ತದೆ, ಟ್ರಿಕ್ಕಿಗೆ ಬೇಕಾದ ಒತ್ತು ಸಿಗುವುದಿಲ್ಲ. ಜಾಸ್ತಿ ಹಿಗ್ಗಿಸಿದರೆ ಲಿಪ್ ಉದ್ದವಾಗಿ, ಮಂಕಾಗಿ, ಸವಾರ ಹಾರುವ ಬದಲು ತೇಲುತ್ತಾನೆ. ಬ್ಯಾಕ್‌ಫ್ಲಿಪ್‌ಗೆ, ಅಂದರೆ ಹಿಂದಕ್ಕೆ ಹೊಡೆಯುವ ಪಲ್ಟಿಗೆ, ಚುರುಕು ಲಿಪ್ ಬೇಕು. ಹ್ಯಾಂಡಲ್ ಹಿಡಿದು ಮೈಯನ್ನು ಹಿಂದಕ್ಕೆ ಚಾಚಿ ಉದ್ದ ತೇಲುವ ಸೂಪರ್‌ಮ್ಯಾನ್‌ಗೆ ಉದಾರ ಲಿಪ್ ಬೇಕು. ಎಲ್ಲಿ ಯಾವುದು ಅನ್ನುವುದೇ ವಿನ್ಯಾಸ.

ಇನ್ನು ಆ 47 ಎಲ್ಲಿಂದ ಬರುತ್ತದೆ? ಎತ್ತರದಿಂದ. ಸವಾರ ಪೆಡಲ್ ತುಳಿಯುವುದು ಮೇಲೆ ಒಂದೆರಡು ಸುತ್ತು, ಅಷ್ಟೆ. ನಿಂತಲ್ಲಿಂದ ಹೊರಟು 47 ಮುಟ್ಟಲು, ಏನೂ ಸೋರಿಕೆ ಇಲ್ಲದಿದ್ದರೂ, ಸುಮಾರು 9 ಮೀಟರ್ ಇಳಿಯಬೇಕು. ಮೇಲೆ ಕಾಣುವ ಕಡಿದಾದ ಗೋಪುರ ಅದಕ್ಕೇ ಇರುವುದು. ಪ್ರಾಯೋಜಕರ ಬ್ಯಾನರ್ ಕಟ್ಟಲು ಅಲ್ಲ, ಅದಕ್ಕೂ ಒದಗುತ್ತದೆ ಅನ್ನುವುದು ಬೇರೆ ಮಾತು.

ಆಮೇಲಿನ ಲೆಕ್ಕ ಮನೆ ಖರ್ಚಿನ ಲೆಕ್ಕದಂತೆ. ಟೈರು ಒಂದಷ್ಟು ತಿನ್ನುತ್ತದೆ, ಗಾಳಿ ಒಂದಷ್ಟು ತಿನ್ನುತ್ತದೆ. ನಾನು ಹಾಕುವ ಅಂದಾಜು ಇಷ್ಟು: ಈ ವೇಗದಲ್ಲಿ 30 ಮೀಟರ್ ಸಾಗಲು ಎರಡೂವರೆ ಮೀಟರ್‌ನಷ್ಟು ಇಳಿಕೆ ಬೇಕು, ಇಲ್ಲದಿದ್ದರೆ ಮುಂದಿನ ಜಂಪಿಗೆ ಕೊರತೆ. ಜಾಗದ ಇಳಿಜಾರು ಅದಕ್ಕಿಂತ ಕಡಿದಾಗಿದ್ದರೆ ಉಳಿತಾಯ ಜಾಸ್ತಿಯಾಗಿ ವೇಗ ಏರುತ್ತಾ ಹೋಗುತ್ತದೆ. ಅದೂ ಅಪಾಯವೇ. ಸವಾರ ಒಂದು ಜಂಪಿಗೂ ಇನ್ನೊಂದಕ್ಕೂ ನಡುವೆ ಬ್ರೇಕ್ ಹಿಡಿಯುವುದು ಕಂಡರೆ ಕಟ್ಟಿದವರು ತಲೆ ತಗ್ಗಿಸಬೇಕು.

ಅದಕ್ಕೇ ಸಾಲು ಜೋಡಿಸುವುದು. ವೇಗ ಹೆಚ್ಚಾದ ಕಡೆ ಸ್ಟೆಪ್-ಅಪ್ ಇಡುತ್ತೇವೆ. ಲ್ಯಾಂಡಿಂಗ್ ಲಿಪ್ಪಿಗಿಂತ ಎತ್ತರದಲ್ಲಿರುತ್ತದೆ, ಸವಾರ ಹತ್ತಿ ನಿಧಾನವಾಗುತ್ತಾನೆ. ವೇಗ ಬೇಕಾದ ಕಡೆ ಸ್ಟೆಪ್-ಡೌನ್, ಅಂದರೆ ಕೆಳಗೆ ಇಳಿಯುವ ಜಂಪ್. ನಮ್ಮ ಉದಾಹರಣೆಯ ಜಂಪಿನಲ್ಲಿ ಇಳಿಯುವ ಜಾಗವನ್ನು ಒಂದೂವರೆ ಮೀಟರ್ ತಗ್ಗಿಸಿದರೆ ಗಾಳಿಯಲ್ಲಿ 0.15 ಸೆಕೆಂಡು ಜಾಸ್ತಿ ಸಿಗುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು ಅನ್ನಿಸಬಹುದು. ಸವಾರ ಅದರಲ್ಲಿ ಇನ್ನೊಂದು ಬಾರ್‌ಸ್ಪಿನ್ ತುರುಕುತ್ತಾನೆ. ಹಿಪ್ ಅಂದರೆ ಲಿಪ್ಪಿನ ಪಕ್ಕಕ್ಕೆ ತಿರುಗಿದ ಲ್ಯಾಂಡಿಂಗ್, ಲಿಪ್ ಬಿಡುವಾಗಲೇ ಆ ಬದಿಗೆ ಓರೆಯಾಗಿ ಹಾರಬೇಕು. ವೇಲ್ ಟೇಲ್ ಅಂದರೆ ತಿಮಿಂಗಿಲದ ಬಾಲದ ಹಾಗಿನ ಮರದ ಅಟ್ಟಣೆ: ಅದರ ಮೇಲಕ್ಕೆ ಹಾರಿ, ತುದಿಯಿಂದ ಮತ್ತೆ ಕೆಳಕ್ಕೆ ಹಾರುವುದು, ಎರಡು ಟ್ರಿಕ್ಕಿಗೆ ಜಾಗ. ಕ್ವಾರ್ಟರ್ ಪೈಪ್, ಅಂದರೆ ನೆಟ್ಟಗಾಗುವ ತನಕ ಮೇಲಕ್ಕೆ ಬಾಗಿದ ಗೋಡೆ, ಬಂತೆಂದರೆ ಸವಾರ ನೇರ ಮೇಲೆ ಹೋಗಿ ಅಲ್ಲೇ ತಿರುಗಿ ಬರುತ್ತಾನೆ, ವೇಗ ಪೂರ್ತಿ ಖಾಲಿ. ಅದರ ಆಚೆ ಮತ್ತೆ ಇಳಿಜಾರು ಇರಲೇಬೇಕು.

ಮೊದಲ ಜಂಪ್ ಯಾವಾಗಲೂ ಸರಳ ಇರಲಿ ಅನ್ನುವುದು ನನ್ನ ಹಟ. ಸವಾರನ ಎದೆ ಡವಡವ ಅನ್ನುತ್ತಿರುವಾಗ ಮೊದಲನೆಯದರಲ್ಲೇ ತಲೆ ತಿರುಗಿಸುವ ಫೀಚರ್ ಇಟ್ಟರೆ ಅರ್ಧ ಜನರ ಓಟ ಅಲ್ಲಿಗೇ ಮುಗಿಯುತ್ತದೆ. ನೋಡುವವರಿಗೂ ರುಚಿ ಇಲ್ಲ. ಎಲ್ಲಕ್ಕಿಂತ ದೊಡ್ಡ ಜಂಪ್ ಕೊನೆಗೆ, ಜನ ನಿಂತಿರುವ ಜಾಗದ ಎದುರಿಗೆ. ಇದು ಟಿವಿಯವರ ಆಸೆ ಅಂತ ಗೊಣಗುವವರಿದ್ದಾರೆ. ಇರಬಹುದು. ಆದರೆ ಸವಾರರಿಗೂ ಕೊನೆಯ ದೊಡ್ಡ ಟ್ರಿಕ್ ಕೊನೆಗೇ ಬೇಕು. ಅಲ್ಲಿ ತಪ್ಪಿದರೆ ಮುಂದೆ ಕೆಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಅಂಕ ಕೊಡುವ ರೀತಿಯೂ ನಕ್ಷೆಯೊಳಗೆ ಬರುತ್ತದೆ. ತೀರ್ಪುಗಾರರು ಟ್ರಿಕ್ಕಿನ ಕಷ್ಟ, ಎತ್ತರ, ಶೈಲಿ ನೋಡುತ್ತಾರೆ. ಜೊತೆಗೆ ವೈವಿಧ್ಯ ಇದೆಯಾ ಅಂತಲೂ ನೋಡುತ್ತಾರೆ. ಒಂದೇ ಟ್ರಿಕ್ ಎರಡು ಸಲ ಮಾಡಿದರೆ ಬೆಲೆ ಇಲ್ಲ. ಅದೇ ಟ್ರಿಕ್ಕನ್ನು ಅಭ್ಯಾಸ ಇಲ್ಲದ ದಿಕ್ಕಿಗೆ ತಿರುಗಿ ಮಾಡಿದರೆ ಅದು ಹೊಸದೇ. ಬಲಗೈಯಲ್ಲಿ ಬರೆಯುವವರು ಎಡಗೈಯಲ್ಲಿ ಬರೆದ ಹಾಗೆ. ಸ್ವೀಡನ್ನಿನ ಎಮಿಲ್ ಯೊಹಾನ್ಸನ್ ಹೆಸರು ಮಾಡಿದ್ದು ಇದರಲ್ಲೇ. ಎರಡೂ ಕಡೆ ಸಲೀಸಾಗಿ ತಿರುಗುವ ಇಂಥವರು ಬಂದ ಮೇಲೆ ಕೋರ್ಸ್ ಕಟ್ಟುವವರಿಗೂ ಕೆಲಸ ಹೆಚ್ಚಾಯಿತು. ಎಲ್ಲಾ ಹಿಪ್‌ಗಳೂ ಎಡಕ್ಕೇ ತಿರುಗಿದ್ದರೆ ಎಡಕ್ಕೆ ತಿರುಗುವವರಿಗೆ ಹಬ್ಬ, ಉಳಿದವರಿಗೆ ಅನ್ಯಾಯ. ಎಡ ಒಂದಿದ್ದರೆ ಬಲ ಒಂದು ಬೇಕು. ಲ್ಯಾಂಡಿಂಗ್ ಅಗಲವಾಗಿರಬೇಕು, ವಾಲಿ ತಿರುಗುವ ಕ್ಯಾಶ್‌ರೋಲ್‌ನಂಥ ಟ್ರಿಕ್ಕಿನಲ್ಲಿ ಸವಾರ ಒಂದು ಬದಿಗೆ ಸರಿಯುತ್ತಾನೆ.

ಮರ ಯಾಕೆ, ಮಣ್ಣು ಯಾಕೆ ಅಂತ ಕೇಳಿದ್ದೀರಿ. ಚಿಕ್ಕದಾಗಿ ಹೇಳಬೇಕೆಂದರೆ: ಹಾರುವುದಕ್ಕೆ ಮರ, ಇಳಿಯುವುದಕ್ಕೆ ಮಣ್ಣು. ಮರದ ಲಿಪ್ ಬೆಳಿಗ್ಗೆ ಹೇಗಿತ್ತೋ ಸಂಜೆಯೂ ಹಾಗೇ ಇರುತ್ತದೆ. ಐವತ್ತು ಸಲ ಹತ್ತಿದರೂ ಅದರಲ್ಲಿ ಗಾಡಿಜಾಡು ಬೀಳುವುದಿಲ್ಲ. ಕಡಿದಾದ ಕಮಾನನ್ನು ಅಳತೆಗೆ ಸರಿಯಾಗಿ ಮಾಡಬಹುದು. ಮಾಡುವ ವಿಧಾನವೂ ಸರಳ. ನೆಲದ ಮೇಲೆ ಒಂದು ಗೂಟ ಹೊಡೆದು, 6 ಮೀಟರ್ ದಾರ ಕಟ್ಟಿ, ತುದಿಗೆ ಪೆನ್ಸಿಲ್ ಇಟ್ಟು ದಪ್ಪ ಪ್ಲೈವುಡ್ ಮೇಲೆ ಕಮಾನು ಎಳೆಯುತ್ತೇವೆ. ಆ ಗೆರೆಗೆ ಗರಗಸ. ಒಂದೇ ಅಳತೆಯ ಇಂಥ ಪಕ್ಕೆಲುಬುಗಳನ್ನು ಸಾಲಾಗಿ ನಿಲ್ಲಿಸಿ, ಅಡ್ಡಡ್ಡ ರೀಪು ಹೊಡೆದು, ಮೇಲೆ ತೆಳು ಪ್ಲೈವುಡ್ ಎರಡು ಪದರ ಬಾಗಿಸಿ ಕೂರಿಸುವುದು. ದಪ್ಪದ್ದು ಒಂದೇ ಪದರ ಹಾಕಲು ಹೋದರೆ ಬಾಗುವುದಿಲ್ಲ, ಮುರಿಯುತ್ತದೆ. ಕೆಳಗಿನ ಪದರದ ಸಂದು ಮೇಲಿನ ಪದರದ ಸಂದಿಗೆ ಸೇರಬಾರದು. ಸ್ಕ್ರೂ ತಲೆ ಒಳಗೆ ಮುಳುಗಿರಬೇಕು. ಇವೆಲ್ಲಾ ಬಡಗಿಗಳಿಗೆ ಗೊತ್ತಿರುವುದೇ. ಹೊಸ ವಿಷಯ ಏನೆಂದರೆ ಈ ಹಲಗೆಯ ಮೇಲೆ ತೂಕ ಸುಮ್ನೆ ಕೂರುವುದಿಲ್ಲ, ನಾಲ್ಕು ಪಟ್ಟಾಗಿ ಬಡಿದು ಹೋಗುತ್ತದೆ. ಹಿಂದಿನ ಊರುಗೋಲು ಚೂರು ಅಲುಗಿದರೂ ಲಿಪ್ ಸವಾರನ ವೇಗ ನುಂಗುತ್ತದೆ. ಮಳೆ ಹನಿ ಬಿದ್ದ ಮರ ಜಾರುತ್ತದೆ ಅನ್ನುವುದೊಂದೇ ಅದರ ದೊಡ್ಡ ದೋಷ.

ಲ್ಯಾಂಡಿಂಗಿಗೆ ಮಣ್ಣೇ ಯಾಕೆಂದರೆ ಅದಕ್ಕೆ ಬೇಕಾದ ಆಕಾರ ಕೊಡಬಹುದು, ರಾತ್ರೋರಾತ್ರಿ ತಿದ್ದಬಹುದು, ಟೈರಿಗೆ ಹಿಡಿತ ಇರುತ್ತದೆ. ಆದರೆ ಅದರ ಗಾತ್ರ ಕೇಳಿದರೆ ಹೊಸಬರು ಹೌಹಾರುತ್ತಾರೆ. ಮೂರೂವರೆ ಮೀಟರ್ ಎತ್ತರ, ಆರು ಮೀಟರ್ ಅಗಲದ ಒಂದೇ ಒಂದು ಲ್ಯಾಂಡಿಂಗಿಗೆ ಸುಮಾರು 130 ಘನ ಮೀಟರ್ ಮಣ್ಣು ಬೇಕು. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರಿನಲ್ಲಿ 13 ಲೋಡು. ಸಡಿಲ ಮಣ್ಣು ಒತ್ತಿದರೆ ಕುಗ್ಗುತ್ತದಲ್ಲ, ಇನ್ನೂ ಮೂರ್ನಾಲ್ಕು ಸೇರಿಸಿ. ತೂಕ 200 ಟನ್ ದಾಟುತ್ತದೆ. ಇಂಥವು ಒಂದು ಕೋರ್ಸಿನಲ್ಲಿ ಹಲವು. ಎಕ್ಸ್‌ಕವೇಟರ್ ಇಲ್ಲದೆ ಆಗುವ ಮಾತಲ್ಲ.

ಎಲ್ಲಾ ಮಣ್ಣೂ ಆಗುವುದಿಲ್ಲ. ಬರೀ ಮರಳಾದರೆ ನಿಲ್ಲುವುದಿಲ್ಲ. ಬರೀ ಜೇಡಿಯಾದರೆ ಒಣಗಿ ಬಿರುಕು ಬಿಡುತ್ತದೆ, ನೆನೆದರೆ ಸಾಬೂನು. ಜೇಡಿಯೂ ಮರಳೂ ಬೆರೆತ, ಕಲ್ಲು ಆರಿಸಿದ ಮಣ್ಣು ಬೇಕು. ಹದ ನೋಡುವುದು ಕೈಯಲ್ಲೇ. ಒಂದು ಹಿಡಿ ತಗೊಂಡು ಉಂಡೆ ಕಟ್ಟುವುದು. ಉಂಡೆ ನಿಲ್ಲಬೇಕು, ಹೆಬ್ಬೆರಳಲ್ಲಿ ಒತ್ತಿದರೆ ಎರಡೇ ತುಂಡಾಗಬೇಕು, ಅಂಗೈಗೆ ಅಂಟಬಾರದು. ಪುಡಿಪುಡಿ ಆದರೆ ನೀರು ಸಾಲದು. ಬೆರಳಿನ ಗುರುತು ಮೆತ್ತಗೆ ಉಳಿದರೆ ನೀರು ಜಾಸ್ತಿಯಾಯಿತು. ಯಂತ್ರಗಳಿವೆ, ನನಗೆ ಈ ಉಂಡೆಯ ಮೇಲೇ ನಂಬಿಕೆ.

ಒಂದೇ ಸಲ ಗುಡ್ಡೆ ಹಾಕಿ ಮೇಲಿಂದ ಬಡಿದರೆ ಮೇಲ್ಪದರ ಮಾತ್ರ ಗಟ್ಟಿಯಾಗುತ್ತದೆ, ಹೊಟ್ಟೆ ಟೊಳ್ಳು. ಮೊದಲ ಮಳೆಗೆ ಕುಸಿಯುತ್ತದೆ. ಅದಕ್ಕೇ ಒಂದು ಗೇಣಿನಷ್ಟು ಮಣ್ಣು ಹರಡು, ದಮ್ಮಸು ಮಾಡು, ಮತ್ತೆ ಹರಡು, ಮತ್ತೆ ದಮ್ಮಸು. ಬೇಸರದ ಕೆಲಸ, ಇದರಲ್ಲಿ ಅವಸರ ಮಾಡಿದವರು ಆಮೇಲೆ ಅಳುತ್ತಾರೆ. ಇನ್ನೊಂದು ಗುಟ್ಟು: ಬೇಕಾದ ಆಕಾರಕ್ಕಿಂತ ದಪ್ಪಗೆ ಕಟ್ಟಿ, ಗಟ್ಟಿಯಾದ ಮೇಲೆ ಸಲಿಕೆಯಲ್ಲಿ ಕೆತ್ತಿ ಇಳಿಸಬೇಕು. ಕಮ್ಮಿ ಬಿದ್ದ ಕಡೆ ಮಣ್ಣು ಮೆತ್ತಿದರೆ ಅದು ಯಾವತ್ತೂ ಕೂಡಿಕೊಳ್ಳುವುದಿಲ್ಲ, ಹಪ್ಪಳದಂತೆ ಎದ್ದು ಬರುತ್ತದೆ. ವಿಗ್ರಹ ಕೆತ್ತುವವರಿಗೆ ಕಲ್ಲಿನಲ್ಲಿ ಇರುವ ನಿಯಮವೇ ನಮಗೆ ಮಣ್ಣಿನಲ್ಲಿ.

ನೀರು ಹೋಗುವ ದಾರಿ ಮೊದಲೇ ಯೋಚಿಸಬೇಕು. ಲಿಪ್ಪಿನ ಬುಡ ಅದರ ಹಿಂದುಮುಂದಿಗಿಂತ ತಗ್ಗು ಜಾಗ, ಮಳೆ ನೀರು ಬಂದು ಅಲ್ಲೇ ನಿಲ್ಲುತ್ತದೆ. ಸವಾರನ ಮೇಲೆ ನಾಲ್ಕು ಪಟ್ಟು ಭಾರ ಬೀಳುವುದೂ ಸರಿಯಾಗಿ ಅಲ್ಲೇ. ಇದರಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. ಒಂದು ಚಿಕ್ಕ ಸ್ಪರ್ಧೆಗೆ ಕಟ್ಟಿದ ಸಾಲಿನಲ್ಲಿ ಪ್ರತಿ ಅಳತೆಯೂ ಲೆಕ್ಕಕ್ಕೆ ಸರಿ ಇತ್ತು. ರಾತ್ರಿ ತುಂತುರು ಬಂತು. ಲಿಪ್ಪು, ಲ್ಯಾಂಡಿಂಗಿಗೆಲ್ಲಾ ಟಾರ್ಪಾಲು ಹೊದಿಸಿದ್ದೆವು, ನಡುವಿನ ಓಡುದಾರಿಗೆ ಹೊದಿಸಿರಲಿಲ್ಲ. ಬೆಳಿಗ್ಗೆ ನೋಡಲು ಒಣಗಿದಂತೆಯೇ ಇತ್ತು. ಕಾಲಿಟ್ಟರೆ ಮೇಲಿನ ಬೆರಳಗಲ ಮಾತ್ರ ಮೆತ್ತಗೆ. ಮೊದಲು ಹೋದ ಮೂವರೂ ಎರಡನೇ ಜಂಪಿನಲ್ಲಿ ಗೋತಾ ಹೊಡೆದರು. ಲಿಪ್ ಚಿಕ್ಕದಾಯಿತು ಅಂತ ಅರ್ಧ ಗಂಟೆ ಜಗಳವಾಡಿದೆವು. ತಪ್ಪು ಲಿಪ್ಪಿನದಲ್ಲ, ಆ ಮೆತ್ತನೆ ಮಣ್ಣು ಟೈರಿನ ವೇಗ ಹೀರಿತ್ತು. ಅವತ್ತಿನಿಂದ ಓಡುದಾರಿಗೂ ಟಾರ್ಪಾಲು.

ಸರಿ, ಮೊದಲು ಹಾರುವ ಪುಣ್ಯಾತ್ಮ. ಹೆಚ್ಚಿನ ಸಲ ಕಟ್ಟುವ ತಂಡದಲ್ಲೇ ಒಬ್ಬ ಒಳ್ಳೆಯ ಸವಾರ ಇರುತ್ತಾನೆ, ಇಲ್ಲವೇ ಪರೀಕ್ಷೆಗೆಂದೇ ಒಂದಿಬ್ಬರನ್ನು ಮುಂಚೆ ಕರೆಸುತ್ತಾರೆ. ಅವನೇನೂ ಕಣ್ಣು ಮುಚ್ಚಿ ಹಾರುವುದಿಲ್ಲ. ಮೊದಲು ಕೋರ್ಸನ್ನು ನಡೆದು ನೋಡುತ್ತಾನೆ. ಆಮೇಲೆ ಮೇಲಿನಿಂದ ಸೈಕಲ್ ಬಿಟ್ಟು, ಲಿಪ್ಪಿನ ಬುಡದ ತನಕ ಬಂದು ಪಕ್ಕಕ್ಕೆ ಸರಿದುಬಿಡುತ್ತಾನೆ. ಹಾರುವುದೇ ಇಲ್ಲ. ಇದಕ್ಕೆ ಸ್ಪೀಡ್ ಚೆಕ್ ಅನ್ನುತ್ತಾರೆ. ಮೂರು ಸಲ, ನಾಲ್ಕು ಸಲ. ಪಕ್ಕದಲ್ಲಿ ಒಬ್ಬರು ರಾಡಾರ್ ಗನ್ ಹಿಡಿದು ನಿಂತರೆ ಅಂಕಿಯೂ ಸಿಗುತ್ತದೆ. ಬೇಕಾದ 47 ಬಂದರೆ ಹಾರಬಹುದು. 44 ಬಂದರೆ ಶುರುವಿನ ಜಾಗವನ್ನು ಇನ್ನೊಂದಿಷ್ಟು ಎತ್ತರಿಸುತ್ತೇವೆ. 50 ಬಂದರೆ ಓಡುದಾರಿಯಲ್ಲಿ ಒಂದು ಉಬ್ಬು ಸೇರಿಸುತ್ತೇವೆ.

ಹಾರುವಾಗಲೂ ಬರೀ ನೇರ ಜಂಪ್, ಟ್ರಿಕ್ ಇಲ್ಲ. ಮೊದಲ ಹಾರಾಟದಲ್ಲಿ ಎರಡು ತಪ್ಪಿನಲ್ಲಿ ಒಂದನ್ನು ಆರಿಸಿಕೋ ಅಂದರೆ ಅನುಭವಿಗಳು ಸ್ವಲ್ಪ ಉದ್ದ ಹೋಗುವುದನ್ನೇ ಆರಿಸಿಕೊಳ್ಳುತ್ತಾರೆ. ಉದ್ದ ಹೋದರೆ ಲ್ಯಾಂಡಿಂಗಿನ ಬುಡಕ್ಕೆ ಇಳಿದು ಮಂಡಿ ನೋಯುತ್ತದೆ. ಕಮ್ಮಿ ಬಿದ್ದರೆ ನಕಲ್ ಕಾದಿರುತ್ತದೆ. ಒಬ್ಬ ದಾಟಿದ ಮೇಲೆ ಉಳಿದವರಿಗೆ ದಾರಿ ಸುಲಭ: ಅವನ ಹಿಂದೆಯೇ ಅದೇ ವೇಗದಲ್ಲಿ ಹೋಗುತ್ತಾರೆ. ಅಭ್ಯಾಸದ ವಿಡಿಯೊದಲ್ಲಿ ಇಬ್ಬರು ಮೂವರು ರೈಲುಬೋಗಿಯ ಹಾಗೆ ಒಬ್ಬರ ಹಿಂದೊಬ್ಬರು ಹಾರುವುದು ನೋಡಿರುತ್ತೀರಿ. ನೋಡುವುದಕ್ಕೆ ಚಂದ, ನಿಜ. ಅವರು ಮಾಡುತ್ತಿರುವುದು ಮುಂದಿನವನ ವೇಗವನ್ನು ಕಾಪಿ ಹೊಡೆಯುವುದು.

ಗಾಳಿ ಮಾತ್ರ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಎದುರುಗಾಳಿ ಬಂದರೆ ಕಮ್ಮಿ ಬೀಳುತ್ತಾರೆ. ಅಡ್ಡಗಾಳಿ ಇನ್ನೂ ಕೆಟ್ಟದ್ದು, ಪೆಡಲಿನಿಂದ ಕಾಲು ತೆಗೆದು ಸೈಕಲ್ ತಿರುಗಿಸುವ ಟೇಲ್‌ವಿಪ್‌ನಲ್ಲಿ ಸೈಕಲ್ಲೇ ಒಂದು ಪಟದ ಹಾಗೆ ಸರಿದುಹೋಗುತ್ತದೆ. ಲಿಪ್ಪಿನ ಪಕ್ಕದಲ್ಲಿ ಬಟ್ಟೆಯ ಪಟ್ಟಿ, ಬಾವುಟ ಕಟ್ಟಿರುವುದು ಅಲಂಕಾರಕ್ಕಲ್ಲ. ದೊಡ್ಡ ಸ್ಪರ್ಧೆಗಳೂ ಗಾಳಿಗಾಗಿ ಗಂಟೆಗಟ್ಟಲೆ ಕಾಯುತ್ತವೆ. ನೇರಪ್ರಸಾರದಲ್ಲಿ ಸವಾರ ಮೇಲೆ ನಿಂತು ಸುಮ್ನೆ ಆಕಾಶ ನೋಡುತ್ತಿದ್ದಾನೆ ಅನ್ನಿಸಿದರೆ, ಅವನು ಆ ಬಾವುಟ ನೋಡುತ್ತಿದ್ದಾನೆ.

ಮುಂದಿನ ಸಲ ವಿಡಿಯೊ ನೋಡುವಾಗ ಸವಾರನನ್ನು ಬಿಟ್ಟು ಲ್ಯಾಂಡಿಂಗಿನ ಮಣ್ಣು ನೋಡಿ. ಅಭ್ಯಾಸದ ದಿನ ಮುಗಿಯುವಾಗ ಅದರ ಮೇಲೆ ಟೈರು ಬಡಿದ ಕಪ್ಪು ಗುರುತುಗಳು ಗುಂಪಾಗಿ ಬಿದ್ದಿರುತ್ತವೆ. ನಾವು ಸಂಜೆ ಟೇಪು ಹಿಡಿದು ಅಳೆಯುವುದು ಅವನ್ನೇ. ನಕಲ್ ದಾಟಿ ಒಂದೆರಡು ಮೀಟರ್ ಕೆಳಗೆ ಗುಂಪು ಕಟ್ಟಿದ್ದರೆ ನೀರು ಚಿಮುಕಿಸಿ, ರೇಕ್ ಎಳೆದು, ಟಾರ್ಪಾಲು ಹೊದಿಸಿ ಮಲಗಲು ಹೋಗುತ್ತೇವೆ. ನಕಲ್ಲಿಗೆ ಅಂಟಿಕೊಂಡಿದ್ದರೆ ದೀಪ ಹಾಕಿಕೊಂಡು ನೆತ್ತಿಯನ್ನು ಅರ್ಧ ಮೀಟರ್ ಕೆತ್ತುತ್ತೇವೆ. ಬೆಳಿಗ್ಗೆ ಸವಾರರು ಬಂದು, ಇವತ್ತು ಜಂಪ್ ಯಾಕೋ ಚೆನ್ನಾಗಿದೆ ಅನ್ನುತ್ತಾರೆ. ನಾವು ಹೌದಾ ಅನ್ನುತ್ತೇವೆ.